ಯಲ್ಲವ್ವ ಕಟ್ಟಿದ ಬೆಲ್ಟು

೧೪ ಡಿಸೆಂಬರ್ ೨೦೧೦, ಮಂಗಳವಾರ. ಚಿಂಬಲ್, ಗೋವಾ

ನಿದ್ದೆ ಬರುತ್ತಿಲ್ಲ. ಯಲ್ಲವ್ವನ ಮುಖವೇ ಕಣ್ಣ ಮುಂದೆ.

ಅವಳ ಗಂಡ ದೇವು ನಾನು ಮೇಸ್ತ್ರಿಯಾಗಿರುವ ಮ್ಹಾಪಸಾ ಕಟ್ಟಡದ ಸಾರವೆಯಿಂದ ಬಿದ್ದು ಸತ್ತ ಮೇಲೆ ಸರಕಾರದವರು ಕೆಲಸ ನಿಲ್ಲಿಸಿದ್ದರು. ಕಾಯ್ದೆ ಪ್ರಕಾರ ಬಿದ್ದವರನ್ನು ತಡೆಯುವ ಬಲೆ ಕಟ್ಟಿಸಿ, ಸುರಕ್ಷತಾ ಬೆಲ್ಟು ತರಿಸಿದ ಮೇಲೆ ಇವತ್ತು ಮತ್ತೆ ಶುರುವಾಯಿತು. ಅಷ್ಟು ದಿನ ಕೆಲಸವಿಲ್ಲದೆ ಅರ್ಧ ಜನ ಊರಿಗೆ ಹೋಗಿಬಿಟ್ಟಿದ್ದಾರೆ. ಯಲ್ಲವ್ವ ಹೋಗಲಿಲ್ಲ. ಬೆಳಿಗ್ಗೆ ಎಲ್ಲರಿಗಿಂತ ಮೊದಲು ಬಂದು ಬುಟ್ಟಿ ಹಿಡಿದು ನಿಂತಿದ್ದಳು.

ಗೋಡೆಗೆ ಗಿಲಾವು ಮಾಡುವ ಮಾನಪ್ಪ ಬೆಲ್ಟನ್ನು ಬದಿಗೆ ಎಸೆದ. "ಇದನ್ನ ಕಟಗೊಂಡ್ರ ಕೈ ಆಡಂಗಿಲ್ರಿ ಮೇಸ್ತ್ರಿ. ಇಷ್ಟ ವರ್ಷ ಹಂಗ ಏರೇನಲ್ಲ?"

ನಾನು ಬೈಯಬೇಕು ಅನ್ನುವಷ್ಟರಲ್ಲಿ ಯಲ್ಲವ್ವ ಬುಟ್ಟಿ ಇಳಿಸಿ ಬಂದಳು. ಬೆಲ್ಟು ಎತ್ತಿ, ಧೂಳು ಕೊಡವಿ, ತಾನೇ ಅವನ ಸೊಂಟಕ್ಕೆ ಬಿಗಿದಳು. ಕೊಂಡಿಯನ್ನು ಜಗ್ಗಿ ಜಗ್ಗಿ ನೋಡಿದಳು.

"ಈಗ ಏರ್ರಿ ಅಣ್ಣಾ," ಅಂದಳು.

ಮಾನಪ್ಪ ತಲೆ ತಗ್ಗಿಸಿ ಏರಿದ. ಉಳಿದವರೂ ಬೆಲ್ಟು ಕಟ್ಟಿಕೊಂಡರು.

ಮಧ್ಯಾಹ್ನ ಬುತ್ತಿ ಹಿಡಿದುಕೊಂಡು ನನ್ನ ಹತ್ತಿರ ಬಂದಳು.

"ಮೇಸ್ತ್ರಿ, ಈ ಕಾಯ್ದೆ ಅವ್ರು ಸತ್ತ ಮ್ಯಾಲ ಬಂತೇನ್ರಿ?"

ಸುಳ್ಳು ಹೇಳಲು ಬಾಯಿ ಬರಲಿಲ್ಲ. "ಇಲ್ಲವ್ವಾ. ಮೊದಲಿಂದನೂ ಐತಿ," ಅಂದೆ.

ಅವಳು ಹೊಸ ಬಲೆಯ ಕಡೆ ನೋಡಿದಳು.

"ಮತ್ತ?" ಎಂದಷ್ಟೇ ಕೇಳಿದಳು.

ಬುತ್ತಿ ಬಿಚ್ಚದೆಯೇ ಕೆಲಸಕ್ಕೆ ಎದ್ದುಹೋದಳು. ಏನಾದರೂ ಹೇಳಬೇಕಿತ್ತು. ನಾಳೆಯಾದರೂ ಹೇಳಬೇಕು. ಏನಂತ ಹೇಳಲಿ?