ಫೆರ್ನಾಂದಳ ಕ್ಯಾಸೆಟ್ ಮತ್ತು ನೂರು ಡೆಸಿಬಲ್

ಮಂಗಳವಾರ, ೯ ಫೆಬ್ರವರಿ ೧೯೯೯. ಸೇಂತ್ ಎತ್ಯೆನ್

ಇವತ್ತು ಪರೀಕ್ಷೆಗೆ ನಾಲ್ಕು ಕ್ಯಾಸೆಟ್ ಪ್ಲೇಯರ್. ಹೆಡ್‌ಫೋನನ್ನು ಗಾಸ್ತೋಂನ ರಬ್ಬರ್ ಕಿವಿಗೆ ಏರಿಸು, ವಾಲ್ಯೂಮ್ ಪೂರ್ತಿ ತಿರುಗಿಸು, ಮೀಟರ್ ಓದು, ಬರೆ. ೯೭. ೯೯. ೯೮. ನಾಲ್ಕನೆಯದು ೧೦೩ — ಫೇಲು. ನೂರು ಡೆಸಿಬಲ್ ದಾಟುವ ಕಿಸೆ ಪ್ಲೇಯರನ್ನು ಈ ದೇಶದಲ್ಲಿ ಮಾರುವಂತಿಲ್ಲ. ಗಾಸ್ತೋಂ ಅಂದರೆ ನಮ್ಮ ಲ್ಯಾಬಿನ ಬೊಂಬೆ ತಲೆ, ಕಿವಿಯೊಳಗೆ ಮೈಕು. ಮಧ್ಯಾಹ್ನದ ಊಟವೂ ಅವನ ಎದುರೇ. ಒಳ್ಳೆಯ ಜೊತೆ. ಮಾತಿಲ್ಲ.

ಸಂಜೆ ಅಮ್ಮನ ಫೋನು. ಕಿರುಚುತ್ತಾಳೆ, ನಾನು ಕಿರುಚಿದ್ದು ಕೇಳುವುದಿಲ್ಲ. ಗೆಳತಿ ಫೆರ್ನಾಂದ್ ಸತ್ತ ಮೇಲೆ ಅವಳ ಕಪಾಟಿನಲ್ಲಿ ಕ್ಯಾಸೆಟ್ ಒಂದು ಸಿಕ್ಕಿತಂತೆ, ಫೆರ್ನಾಂದಳ ಮಗಳು ಕಳಿಸಿದ್ದಾಳೆ. ರಿಬ್ಬನ್ ಮಿಲ್ ಮುಚ್ಚಿದ ದಿನ, ಮಗ್ಗಗಳೆಲ್ಲ ನಿಂತ ಮೇಲೆ ಹೆಂಗಸರು ಹಾಡಿದ್ದು. ಕೇಳಬೇಕಂತೆ.

ಭಾನುವಾರ, ೧೪ ಫೆಬ್ರವರಿ

ಅಮ್ಮನ ಮನೆ. ಆಲೂಗಡ್ಡೆ ತುರಿದು ರಾಪೆ ರೊಟ್ಟಿ ಸುಟ್ಟಿದ್ದಳು, ಅಂಚು ಗರಿಗರಿ. ದೊಡ್ಡ ಸ್ಟೀರಿಯೋದಲ್ಲಿ ಕ್ಯಾಸೆಟ್ ಹಾಕಿದೆವು — ಎರಡೇ ನಿಮಿಷಕ್ಕೆ ಕೆಳಗಿನ ಮನೆಯವರು ಕಸಬರಿಕೆ ಹಿಡಿಯಿಂದ ಸೂರು ಕುಟ್ಟಿದರು. ಅದಕ್ಕೆಂದೇ ಹೊಸ ಪ್ಲೇಯರ್ ಒಯ್ದಿದ್ದೆ, ನಾನೇ ಪಾಸು ಮಾಡಿದ ಮಾದರಿ. ಅಮ್ಮ ಕಿವಿಯಂತ್ರ ತೆಗೆದಿಟ್ಟಳು. ಹೆಡ್‌ಫೋನಿನಡಿ ಅದು ಶಿಳ್ಳೆ ಹಾಕುತ್ತದೆ.

"ಪೂರ್ತಿ ತಿರುಗಿಸಿದ್ದೀನಿ ಕಣೇ. ಬರೀ ಗುಸುಗುಸು."

"ಅದಕ್ಕಿಂತ ಜಾಸ್ತಿ ಬರಲ್ಲ ಅಮ್ಮ. ಕಾನೂನು. ಕಿವಿ ಕೆಡಬಾರ್ದು ಅಂತ."

ನನ್ನ ತುಟಿ ನೋಡಿ ಅರ್ಥ ಮಾಡಿಕೊಂಡಳು. ನಕ್ಕಳು.

"ಇಪ್ಪತ್ತೊಂಬತ್ತು ವರ್ಷ ಮಗ್ಗದ ಮುಂದೆ ನಿಂತಿದ್ನಲ್ಲ, ಆಗ ಎಲ್ಲಿ ಹೋಗಿದ್ರಂತೆ ಈ ಕಾನೂನಿನೋರು? ಈಗ ಉಳಿದಿರೋ ಚೂರಿಗೆ ಕಾವಲು! ಬೀಗ ಹಾಕೋಳು ನೀನೇ ತಾನೆ ಮಿರೆಯ್? ತೆಗಿ ಹಾಗಾದ್ರೆ."

ಮಿಲ್ಲಿನಲ್ಲಿ ದಿನವಿಡೀ ಹಾಡುತ್ತಿದ್ದರಂತೆ. ಆದರೆ ಮಗ್ಗದ ಸದ್ದಿಗೆ ಯಾರ ಧ್ವನಿಯೂ ಯಾರಿಗೂ ಕೇಳುತ್ತಿರಲಿಲ್ಲ. ತುಟಿ ನೋಡಿಕೊಂಡೇ ಹಾಡು. ಎದುರು ಮಗ್ಗದ ಫೆರ್ನಾಂದಳ ಹಾಡನ್ನು ಅಮ್ಮ ಇಷ್ಟು ವರ್ಷ 'ನೋಡಿದ್ದಾಳೆ' — ಕೇಳಿಲ್ಲ. ಕಡೆಯ ದಿನ ಕೇಳುವಷ್ಟು ಕಿವಿ ಉಳಿದಿರಲಿಲ್ಲ.

ಬುಧವಾರ, ೧೭ ಫೆಬ್ರವರಿ. ಊಟದ ಹೊತ್ತು

ಸುಮ್ಮನೆ ಒಂದು ಕುತೂಹಲ. ಅದೇ ಮಾದರಿ ಪ್ಲೇಯರ್, ಆದರೆ ಪೆಟ್ಟಿಗೆಯಲ್ಲಿ ಬಂದ ಹೆಡ್‌ಫೋನ್ ಬಿಟ್ಟು ಬೀರುವಿನಲ್ಲಿದ್ದ ಬೇರೊಂದು ಸಿಕ್ಕಿಸಿದೆ. ೧೦೯. ಮತ್ತೆ ಅಳೆದೆ. ೧೦೯. ಮೂರನೇ ಸಲವೂ.

ಅಂದರೆ ಬೀಗ ಇರುವುದು ಒಂದು ಬಾಗಿಲಿಗೆ ಮಾತ್ರ.

ಗಾಸ್ತೋಂನ ಕಿವಿಯಿಂದ ತೆಗೆದು ನನ್ನ ಕಿವಿಗೆ ಹಾಕಿಕೊಂಡೆ. ಒಂದೂವರೆ ನಿಮಿಷ. ಹೆಡ್ಡತನ. ಆಮೇಲೆ ಕಾಫಿ ಕಲಕಿದರೆ ಚಮಚದ ಸದ್ದು ಪಕ್ಕದ ಕೋಣೆಯಿಂದ ಬಂದ ಹಾಗೆ... ಮನೆಗೆ ಹೊರಡುವ ತನಕ ಗುಂಯ್.

ಗುರುವಾರ, ೧೮

ನಮ್ಮ ಮುಖ್ಯಸ್ಥ ರಿವೊಲಿಯೆ ಅವರಿಗೆ ಹೇಳಿದೆ. ಕನ್ನಡಕ ಹಣೆಗೇರಿಸಿದರು.

"ಪೆಟ್ಟಿಗೇಲಿ ಏನು ಬಂತೋ ಅದನ್ನ ಅಳೆಯೋದು ನಮ್ಮ ಕೆಲಸ, ಮಿರೆಯ್. ಜನ ಮನೇಲಿ ಏನೇನು ಸಿಕ್ಕಿಸ್ಕೋತಾರೆ ಅಂತ ಹಿಂದೆ ಹೋದ್ರೆ ಮುಗಿಯುತ್ತಾ?"

"ಹಾಗಾದ್ರೆ ನೂರು ಅಂತ ಬರೆದು ಏನು ಪ್ರಯೋಜನ ಸರ್?"

"ನಿಯಮ ಬರೆಯೋ ಸಮಿತಿಗೆ ಬರೀರಿ ಬೇಕಾದ್ರೆ. ನಿಮ್ಮ ಹೆಸರಲ್ಲಿ."

ಬರೆದೆ. ಒಂದು ಪುಟ. ಲಕೋಟೆ ಬ್ಯಾಗಿನಲ್ಲಿದೆ. ೧೦೯ರ ಹೆಡ್‌ಫೋನೂ ಅದೇ ಬ್ಯಾಗಿನಲ್ಲಿದೆ. ಎರಡನ್ನೂ ಏನು ಮಾಡಬೇಕೋ ತಿಳಿಯದು. ಒಂದು ಕೈಯಲ್ಲಿ ಸಂದಿ ಮುಚ್ಚಿ ಎಂದು ಬರೆಯುವುದು, ಇನ್ನೊಂದು ಕೈಯಲ್ಲಿ ಅದೇ ಸಂದಿಯಿಂದ ಅಮ್ಮನನ್ನು ತೂರಿಸುವುದು.

ಶುಕ್ರವಾರ, ೨೬ ಫೆಬ್ರವರಿ

ಅಮ್ಮನನ್ನು ಲ್ಯಾಬಿಗೇ ಕರೆತಂದೆ. ಗಾಸ್ತೋಂನ ಕೆನ್ನೆ ತಟ್ಟಿ, "ಇವನಿಗೆ ನನಗಿಂತ ಚೆನ್ನಾಗಿ ಕೇಳ್ಸುತ್ತಾ?" ಎಂದಳು. ಗಾಜಿನ ಕೋಣೆಯಲ್ಲಿ ಕೂರಿಸಿ ಕೈಗೆ ಗುಂಡಿ ಕೊಟ್ಟೆ. ಸ್ವರ ಕೇಳಿದಾಗ ಒತ್ತಬೇಕು. ದಪ್ಪ ಸ್ವರಗಳಿಗೆ ಚುರುಕಾಗಿ ಒತ್ತಿದಳು. ಮೇಲಿನ ಸಣ್ಣ ಸ್ವರಗಳಿಗೆ ತಡ. ನಾಲ್ಕು ಸಾವಿರ ಹರ್ಟ್ಸ್‌ಗೆ ಬಂದೆ. ಇಲ್ಲ. ಏರಿಸಿದೆ. ಇಲ್ಲ. ಸದ್ದು ಇನ್ನೂ ಏರಿಸಿದೆ.

ಗಾಜಿನಾಚೆಯಿಂದ ಗದರಿದಳು — "ಎಷ್ಟೊತ್ತೇ? ಶುರು ಮಾಡು!"

ಶುರು ಮಾಡಿ ಬಹಳ ಹೊತ್ತಾಗಿತ್ತು.

ಆದರೂ ಒಂದು ವಿಷಯ ಹೊಳೆಯಿತು. ಅಮ್ಮನಿಗೆ ಕಡಿಮೆಯಾಗಿರುವುದು ಒಟ್ಟು ಸದ್ದಲ್ಲ, ಮೇಲಿನ ಸ್ವರಗಳು. ಮಾತಿನ ಅಂಚೆಲ್ಲ ಇರುವುದು ಅಲ್ಲೇ. ೧೦೯ ಕೊಟ್ಟರೂ ಅದೇ ಗಂಜಿ, ಇನ್ನೂ ಬಿಸಿಯಾಗಿ. ಕ್ಯಾಸೆಟ್ಟನ್ನೇ ಬೇರೆ ನಕಲು ಮಾಡಿದರೆ? ದಪ್ಪ ಸ್ವರ ತಗ್ಗಿಸಿ, ಅವಳಲ್ಲಿ ಸ್ವಲ್ಪವಾದರೂ ಉಳಿದಿರುವ ಜಾಗಗಳನ್ನು ಎತ್ತಿ...

ಹೋಗುವಾಗ ಲಕೋಟೆ ಅಂಚೆ ಪೆಟ್ಟಿಗೆಗೆ ಹಾಕಿದೆ. ಹೆಡ್‌ಫೋನ್ ಬೀರುವಿಗೆ.

ಶುಕ್ರವಾರ, ೧೯ ಮಾರ್ಚ್

ಆರನೇ ನಕಲು. ಮೊದಲ ಐದು ಕೇಳಿದರೆ ತಗಡಿನ ಡಬ್ಬಿಯಲ್ಲಿ ಜಗಳ. ಇದು ಪರವಾಗಿಲ್ಲ. ಪೆಟ್ಟಿಗೆಯದೇ ಹೆಡ್‌ಫೋನ್ ಹಾಕಿ ಗಾಸ್ತೋಂನ ಮೇಲೆ ಅಳೆದೆ — ೯೮. ಪಾಸು. ರಿವೊಲಿಯೆ ಬಾಗಿಲಲ್ಲಿ ನಿಂತು ಎಲ್ಲ ನೋಡಿದರು. "ಯಾವ ಕಂಪನೀದು ಇದು?" ಎಂದರು. ಅಮ್ಮನದು ಎಂದೆ. ತಲೆಯಾಡಿಸಿ ಹೋದರು.

ಭಾನುವಾರ, ೨೧ ಮಾರ್ಚ್. ಅಮ್ಮನ ಅಡುಗೆಮನೆಯಲ್ಲಿ ಬರೆಯುತ್ತಿದ್ದೇನೆ

ಹೆಡ್‌ಫೋನ್ ಹಾಕಿಕೊಂಡಿದ್ದಾಳೆ. ಕಣ್ಣು ಮುಚ್ಚಿಲ್ಲ, ಗೋಡೆಯನ್ನು ದಿಟ್ಟಿಸುತ್ತಿದ್ದಾಳೆ. ಮೊದಲ ಹಾಡು ಮುಗಿಯಿತು.

ಎರಡನೇ ಹಾಡಿನ ನಡುವೆ ಮೇಜು ಬಡಿದಳು.

"ಫೆರ್ನಾಂದ್! ಅಯ್ಯೋ, ಇವಳಿಗೆ ಶ್ರುತಿಯೇ ಇಲ್ವಲ್ಲೇ! ಅಷ್ಟು ವರ್ಷ ಹಾಡಿಗೆ ಮುಂದಾಳು ಮಾಡಿದ್ವಲ್ಲ ಇವಳನ್ನ! ಬಾಯಿ ದೊಡ್ಡದಾಗಿ ತೆಗೀತಿದ್ಳು, ಅದಕ್ಕೇ!"

ನಕ್ಕೂ ನಕ್ಕೂ ಕಣ್ಣಲ್ಲಿ ನೀರು. ನಾಲ್ಕು ಪದಕ್ಕೆ ಒಂದು ಕೇಳುತ್ತದಂತೆ. ಉಳಿದ ಮೂರು ಹೇಗೂ ಬಾಯಿಪಾಠ. ಒಬ್ಬೊಬ್ಬರನ್ನೇ ಹೆಸರು ಹಿಡಿದು ಗುರುತಿಸುತ್ತಿದ್ದಾಳೆ — ಇವಳು ಲ್ಯೂಸಿ, ಇವಳು ಕೋಲಿನ ಮರ್ಸೆಲ್...

ಈಗ ಪ್ಲೇಯರ್ ನಿಲ್ಲಿಸಿದಳು. ಹಿಂದೆ ತಿರುಗಿಸಿದಳು. ಮತ್ತೆ ಕೇಳಿದಳು.

"ಇದ್ಯಾರೇ ಇದು? ಮೆಲ್ಲಗೆ ಹಾಡ್ತಾಳಲ್ಲ, ಹಿಂದೆ? ಇಂಥ ಧ್ವನಿ ಇದ್ದೋಳು ನಮ್ಮ ಸಾಲಲ್ಲಿ ಯಾರೂ ಇರ್ಲಿಲ್ಲ. ಎಷ್ಟು ಚೆನ್ನಾಗಿದೆ. ಯಾರಿರ್ಬೋದು?"

ಹೆಡ್‌ಫೋನ್ ತೆಗೆದು ನನ್ನ ಕಿವಿಗಿಟ್ಟಳು. ಒಂದೇ ಸಾಲಿಗೆ ಗೊತ್ತಾಯಿತು. ಚಿಕ್ಕವಳಿದ್ದಾಗ ನನಗೆ ಜ್ವರ ಬಂದರೆ ಹಾಸಿಗೆಯ ಪಕ್ಕ ಕೂತು ಹಾಡುತ್ತಿದ್ದ ಅದೇ ಧ್ವನಿ.

ಇನ್ನೂ ನನ್ನ ತುಟಿಯನ್ನೇ ನೋಡುತ್ತಿದ್ದಾಳೆ. ಪೆನ್ನು ಕೆಳಗಿಡಬೇಕು, ಮುಖ ಬೆಳಕಿಗೆ ತಿರುಗಿಸಿ ನಿಧಾನವಾಗಿ ಹೇಳಬೇಕು — ಅಮ್ಮ, ಅದು ನೀ...