ಅಪ್ಪನ ಕಾರಿಗೆ ಮೇಣ

ಮಗಳೇ,

ಅಪ್ಪನನ್ನು ಕರೆತರಲು ಆಸ್ಪತ್ರೆಗೆ ಹೊರಟೆ. ಎದ್ದ ಕೂಡಲೇ ಕಾರಿನ ಹೊದಿಕೆ ತೆಗೆದು ತೊಳೆ. ಪೂರ್ತಿ ಆರಿದ ಮೇಲೆ ಪಾಲಿಶ್, ಆಮೇಲೆ ಮೇಣ. ಸ್ವಲ್ಪವೇ ಹಚ್ಚು, ಗೋಡೆಗೆ ಸುಣ್ಣ ಬಳಿದ ಹಾಗೆ ಬಳಿಯಬೇಡ. ಉಜ್ಜಲು ಅವರ ಹಳೆಯ ಬನಿಯನ್ ಇಟ್ಟಿದ್ದೇನೆ; ನನ್ನ ಹೊಸ ಟವೆಲ್ ಮುಟ್ಟಿದರೆ ನೋಡು.

ಪ್ರತಿ ಭಾನುವಾರ ಅವರು ಉಜ್ಜುತ್ತಿದ್ದಾಗ ನೀನು ಹೊಳೆಯುವ ಬಾಗಿಲಲ್ಲಿ ಮುಖ ನೋಡಿಕೊಂಡು ಜಡೆ ಸರಿಮಾಡಿಕೊಳ್ಳುತ್ತಿದ್ದೆ. "ಇದು ಕಾರಮ್ಮಾ, ಕನ್ನಡಿ ಅಲ್ಲ" ಅಂತ ನಗುತ್ತಿದ್ದರು. ಬಲಗೈ ಸೋತಾಗಿನಿಂದ ಆ ನಗುವೇ ಕೇಳಿಲ್ಲ.

ಬಾನೆಟ್ ಮಾತ್ರ ಹಾಗೇ ಬಿಡು. ಅವರ ಕೈ ಈಗ ಸ್ವಲ್ಪ ಸ್ವಲ್ಪ ಆಡುತ್ತಿದೆ. ನಿನ್ನೆ ಮೆಲ್ಲಗೆ ಕೇಳಿದರು, "ಮನೇಲಿ ನಂಗೆ ಅಂತ ಏನಾದ್ರೂ ಕೆಲಸ ಉಳಿದಿದೆಯೇನೇ?"

ಉಳಿದಿದೆ ಅಂದುಬಿಟ್ಟಿದ್ದೇನೆ.

ಅಮ್ಮ