ಅಳುಬುರುಕಿ ಗುಂಡಿಯನ್ನು ಹುಡುಕಿದವರು

ಮಾರ್ಚ್ 3, ಸೋಮವಾರ

ಇವತ್ತೂ ಗುಂಡಿಗಳಿಗೆ ಹೆಸರಿಡುವ ಕೆಲಸ. ರಸ್ತೆಯ ಗುಂಡಿಯಲ್ಲ, ಅಂಗಿಯ ಗುಂಡಿ.

ಮೊಬೈಲ್‌ನಲ್ಲಿ ತೆಗೆದ ಫೋಟೊಗಳಿಗೆ ಹುಟ್ಟುವಾಗಲೇ ಒಂದು ಹೆಸರು ಅಂಟಿಕೊಂಡಿರುತ್ತದೆ. ಐಎಂಜಿ ಅಂತ ಶುರು, ಆಮೇಲೆ ಬರೀ ಅಂಕಿ. ಜೈಲಿನ ಕೈದಿಗಳ ಹಾಗೆ. ಒಂದೊಂದನ್ನೇ ತೆರೆದು ನೋಡಿ, ಅಂಕಿ ಅಳಿಸಿ, ಮಾತಿನಲ್ಲಿ ಹೆಸರು ಬರೆಯಬೇಕು. ಅಕ್ಷರ ಇಂಗ್ಲಿಷಿನದು, ಮಾತು ಕನ್ನಡದ್ದು, ಮಾತು ಮಾತಿನ ನಡುವೆ ಅಡ್ಡಗೆರೆ. ಭಾವನ ಅಪ್ಪಣೆ.

ಭಾವ ಎಂದರೆ ದೊಡ್ಡಮ್ಮನ ಅಳಿಯ. ಆನ್‌ಲೈನ್ ಅಂಗಡಿಗಳನ್ನು ಹುಡುಕಾಟದ ಮೊದಲ ಪುಟಕ್ಕೆ ತರುವುದೇ ಅವರ ಕಸುಬು. ಬೀದಿಯ ದರ್ಜಿಗಳೆಲ್ಲ ಒಬ್ಬೊಬ್ಬರಾಗಿ ಬಾಗಿಲು ಹಾಕಿದ ಮೇಲೆ ದೊಡ್ಡಮ್ಮನ ಗುಂಡಿ ಅಂಗಡಿಗೂ ಆನ್‌ಲೈನ್ ಬಾಗಿಲು ಬೇಕಾಯಿತು. ನನ್ನ ಕಾಲೇಜಿನವರು ಈ ವರ್ಷ ಪಾಠಕ್ಕೆ ಕರೆದಿಲ್ಲ. ಹೀಗೆ ಖಾಲಿ ಗುಂಡಿಗೂ ಖಾಲಿ ಮೇಡಮ್ಮಿಗೂ ಗಂಟು ಬಿತ್ತು.

"ಕಂಪ್ಯೂಟರ್‌ಗೆ ಕಣ್ಣು ಮಂಜು ಅಂತ ತಿಳ್ಕೊ," ಅಂದರು ಭಾವ. "ಫೋಟೊದಲ್ಲಿ ಏನಿದೆ ಅಂತ ಹೆಸರು ಓದಿನೇ ಅದಕ್ಕೆ ಅರ್ಧ ಗೊತ್ತಾಗೋದು. ಕೊಳ್ಳೋರು ಏನಂತ ಟೈಪ್ ಮಾಡಿ ಹುಡುಕ್ತಾರೋ, ಹೆಸರಲ್ಲಿ ಅದೇ ಮಾತಿರಬೇಕು."

"ಏನಂತ ಹುಡುಕ್ತಾರೆ ಭಾವ?"

"ಅದು ಗೊತ್ತಿದ್ದಿದ್ರೆ ನಾನ್ಯಾಕೆ ಅತ್ತೆ ಅಂಗಡೀಲಿ ಪುಕ್ಕಟೆ ದುಡೀತಿದ್ದೆ?"

ಪರೀಕ್ಷೆಗೆಂದು "ಗುಂಡಿ" ಅಂತ ನಾನೇ ಹುಡುಕಿದೆ. ಮೊದಲ ಪುಟದ ತುಂಬ ರಸ್ತೆ, ನೀರು, ಬಿದ್ದ ಸ್ಕೂಟರ್. ಗುಂಡಿ ಮಾರುವುದಕ್ಕೂ ಗುಂಡಿಗೆ ಬೇಕು.

ಮಾರ್ಚ್ 4, ಮಂಗಳವಾರ

ಅಂಗಡಿ ಉದ್ದ ಕೋಣೆ. ಎರಡೂ ಗೋಡೆಗೆ ನೆಲದಿಂದ ಸೂರಿನವರೆಗೆ ಪುಟ್ಟ ಪುಟ್ಟ ಡ್ರಾಯರ್. ಯಾವುದರ ಮೇಲೂ ಚೀಟಿಯಿಲ್ಲ. ಒಳಗಿರುವ ಗುಂಡಿಯೇ ಒಂದು ಹೊರಗೆ ತಂತಿಯಲ್ಲಿ ಕಟ್ಟಿ ನೇತಾಡುತ್ತಿರುತ್ತದೆ. ಹೆಸರುಗಳೆಲ್ಲ ದೊಡ್ಡಮ್ಮನ ಬಾಯಲ್ಲಿ. ಅವರು ಡ್ರಾಯರ್ ಎಳೆದು ಹೇಳುತ್ತಾ ಹೋದರು, ನಾನು ಟೈಪ್ ಮಾಡುತ್ತಾ ಹೋದೆ.

"ಇದು ಹೆಡ್‌ಮಾಸ್ಟರ್." ದಪ್ಪ, ಕಪ್ಪು, ಕೋಟಿನದು. ನಾಲ್ಕು ತೂತಿನಲ್ಲೂ ಒಂದೇ ಸಮ ದುರುಗುಟ್ಟುತ್ತದೆ.

"ಇದು ಜ್ವರದ ಮಾತ್ರೆ." ಬಿಳಿ, ದುಂಡಗೆ, ಅಂಗಿಯದು.

"ಚಾಡಿಕೋರ." ಪ್ರೆಸ್ ಬಟನ್. ಎಲ್ಲಿ ಬಿಚ್ಚಿದರೂ ಟಪ್ ಅಂತ ಊರಿಗೆಲ್ಲ ಹೇಳುತ್ತದೆ.

"ಬಾಡಿಗೆದಾರ." ಎಷ್ಟು ಬಿಗಿಯಾಗಿ ಹೊಲಿದರೂ ಆರು ತಿಂಗಳಿಗೆ ಖಾಲಿ ಮಾಡುತ್ತದಂತೆ.

ಒಂದಿಷ್ಟೂ ನಗದೆ, ಪಾಠ ಒಪ್ಪಿಸಿದ ಹಾಗೆ ಹೇಳುತ್ತಿದ್ದರು. ಪ್ರತಿ ಕಸುಬಿಗೂ ಅದರದೇ ಭಾಷೆ ಇರುತ್ತದಲ್ಲ — ಎಷ್ಟು ಚೆಂದದ ಭಾಷೆ ಅಂದುಕೊಂಡೆ. ಎಂ.ಎ. ಓದಿದ್ದಕ್ಕೆ ಇಷ್ಟಾದರೂ ರೋಮಾಂಚನ ಬೇಡವೇ? "ಹೆಡ್‌ಮಾಸ್ಟರ್-ಗುಂಡಿ-ಕಪ್ಪು-ಕೋಟು" ಅಂತ ಬರೆದೆ. ಹಾಗೇ ಮುಂದಿನವನ್ನೂ.

ಕೊನೆಗೆ, ಏಣಿ ಹತ್ತಿ ತೆಗೆದ ಡ್ರಾಯರ್. ಚಿಪ್ಪಿನ ಗುಂಡಿ, ಹನಿಯ ಆಕಾರ. "ಅಳುಬುರುಕಿ" ಅಂದರು, ಕೆಳಗಿಳಿದರು.

ಅದರ ಫೋಟೊ ಮೂರು ಸಲ ತೆಗೆದೆ. ತೂತು ನಡುವೆ ಬರುತ್ತಲೇ ಇಲ್ಲ. ನನ್ನ ಕೈ ಸೊಟ್ಟ ಅಂದುಕೊಂಡರೆ, ಸೊಟ್ಟ ಇರುವುದು ತೂತೇ.

ಮಾರ್ಚ್ 7, ಶುಕ್ರವಾರ

ಫೋಟೊಗಳೆಲ್ಲ ಆನ್‌ಲೈನ್‌ಗೆ ಏರಿದವು. ಗುಂಡಿ ಅಂಗಡಿ ಈಗ ಲೋಕಕ್ಕೆ ಕಾಣುತ್ತದೆ. ಲೋಕ ನೋಡುತ್ತದೆಯೋ ಇಲ್ಲವೋ ಅದರ ಚಿತ್ತ.

ಮಾರ್ಚ್ 18, ಮಂಗಳವಾರ

ಭಾವ ಲ್ಯಾಪ್‌ಟಾಪ್ ಬಗಲಲ್ಲಿಟ್ಟುಕೊಂಡು ಬಂದರು. ಯಾರು ಯಾವ ಮಾತು ಹುಡುಕಿ ನಮ್ಮ ಪುಟಕ್ಕೆ ಬಂದರು ಎನ್ನುವ ವರದಿ ತೆರೆದರು. ಮುಖ ಹೆಡ್‌ಮಾಸ್ಟರ್ ಆಗಿತ್ತು.

"ಜ್ವರದ ಮಾತ್ರೆ ಅಂತ ಹೆಸರಿಟ್ಟಿದೀಯಲ್ಲ ತಾಯಿ, ಜ್ವರ ಬಂದೋರೆಲ್ಲ ನಮ್ಮ ಅಂಗಡಿ ಹೊಕ್ಕು ಹೋಗಿದಾರೆ! ಇಲ್ಲಿ ನೋಡು — ಊಟದ ಮುಂಚೆನಾ ಆಮೇಲಾ ಅಂತ ಒಬ್ಬರು ಕೇಳಿದಾರೆ."

"ಅವು ಕಸುಬಿನ ಮಾತು ಭಾವ."

"ಯಾವ ಕಸುಬು? ಅತ್ತೆ, ನೀವೇ ಹೇಳಿ, ಪ್ರೆಸ್ ಬಟನ್‌ಗೆ ಲೋಕದಲ್ಲಿ ಯಾರಾದ್ರೂ ಚಾಡಿಕೋರ ಅಂತಾರಾ?"

ದೊಡ್ಡಮ್ಮ ಕನ್ನಡಕ ತೆಗೆದು ಸೆರಗಲ್ಲಿ ಒರೆಸುತ್ತಾ ನಗುತ್ತಿದ್ದರು. "ಯಾರಂತಾರಪ್ಪ? ಅದೆಲ್ಲ ನಾವೇ ಇಟ್ಟಿದ್ದು."

"ನಾವು ಅಂದ್ರೆ?" ಅಂದೆ ನಾನು.

ನಗು ನಿಂತಿತು. "ನಾನು," ಅಂದರು.

ಹೆಸರಿಡುವ ಕೆಲಸಕ್ಕೇ ಹೀಗೆ ಎಲ್ಲರೂ ಹೆಸರಿಟ್ಟ ಮೇಲೆ ತೀರ್ಮಾನವಾಯಿತು: ತಿಂಗಳ ಕೊನೆಯೊಳಗೆ ಎಲ್ಲವನ್ನೂ ಬದಲಿಸಬೇಕು. ಬಿಳಿ, ಚಿಪ್ಪು, ಕೋಟು, ಅಂಗಿ — ಜನ ಹುಡುಕುವ ಮಾತು. ಹಳೆಯ ಹೆಸರಿನಿಂದ ಬಂದವರಿಗೆ ಆಮೇಲೆ ನಾವು ಸಿಗುವುದಿಲ್ಲ. "ಸಿಗದಿದ್ರೆ ಒಳ್ಳೇದೇ," ಅಂದರು ಭಾವ. "ಡಾಕ್ಟರ್ ಹತ್ರ ಹೋಗ್ಲಿ."

ಆದರೆ... "ನಾವು" ಯಾರು?

ಮಾರ್ಚ್ 19, ಬುಧವಾರ

ವರದಿಯನ್ನು ನಾನೇ ಕೂತು ಓದಿದೆ. ಅಪರಿಚಿತರ ಮನಸ್ಸಿನ ಕಿಟಕಿಗೆ ಕಣ್ಣಿಟ್ಟ ಹಾಗೆ. "ಬಿದ್ದ ಗುಂಡಿ ಹೊಲಿಯುವುದು ಹೇಗೆ." "ಅಪ್ಪನ ಕೋಟಿನಂಥ ಗುಂಡಿ." ಒಬ್ಬರಂತೂ "ಗುಂಡಿ ಇಲ್ಲದ ಅಂಗಿ." ಅವರು ನಮ್ಮಲ್ಲಿಗೆ ಹೇಗೆ ಬಂದರೋ!

ಅವುಗಳ ನಡುವೆ: "ಅಳುಬುರುಕಿ ಗುಂಡಿ."

ಯಾರೋ ಅಷ್ಟನ್ನೇ ಟೈಪ್ ಮಾಡಿ, ಬಂದು, ಆ ಒಂದೇ ಫೋಟೊ ತೆರೆದು ನೋಡಿ ಹೋಗಿದ್ದಾರೆ. ಒಂದು ಸಲವಲ್ಲ. ನಾವು ಇಟ್ಟ ಹೆಸರು ನಮ್ಮ ಬಾಯಲ್ಲಿ ಬಿಟ್ಟು ಇನ್ನೆಲ್ಲೂ ಇಲ್ಲದಿದ್ದರೆ, ಹುಡುಕಿದವರಿಗೆ ಅದು ಗೊತ್ತಾದದ್ದು ಹೇಗೆ?

ಇನ್ನೊಂದು ಇದೆ. ನಮ್ಮ ಪುಟದ ಒಳಗೇ ಮಾತು ಟೈಪ್ ಮಾಡಿ ಹುಡುಕುವ ಪಟ್ಟಿ ಒಂದಿದೆಯಲ್ಲ, ಅಲ್ಲಿ ಕೇಳಿ ಸಿಗದೇ ಹೋದ ವಸ್ತುಗಳ ಲೆಕ್ಕವೂ ಸಿಗುತ್ತದೆ. ಅಳುಬುರುಕಿ ನೋಡಿದ ಪ್ರತಿ ಸಲವೂ ಆ ಮಹಾನುಭಾವರು ಅಲ್ಲಿ "ಜಿಪ್" ಅಂತ ಬರೆದಿದ್ದಾರೆ.

ತಮಾಷೆ ಅಂತಲೇ ಹೇಳಿದೆ. "ನೋಡಿ ದೊಡ್ಡಮ್ಮ, ಅಳುಬುರುಕಿ ಹುಡುಕ್ಕೊಂಡು ಬಂದು ಜಿಪ್ ಕೇಳ್ತಾರೆ! ಗುಂಡಿ ಅಂಗಡೀಲಿ ಜಿಪ್!"

ದೊಡ್ಡಮ್ಮ ನಗಲಿಲ್ಲ. ಕೈಯಲ್ಲಿದ್ದ ಡ್ರಾಯರ್ ಅನ್ನು ಗೋಡೆಯ ಬೇರೆ ಯಾವುದೋ ಬಾಯಿಗೆ ತುರುಕಲು ನೋಡಿದರು. ಅದು ಕೂರಲಿಲ್ಲ. ಈ ಅಂಗಡಿಯಲ್ಲಿ ಕಣ್ಣು ಮುಚ್ಚಿ ಓಡಾಡುವವರು ಅವರು.

"ಯಾರೋ ತಪ್ಪಿ ಬಂದಿರ್ತಾರೆ," ಅಂದರು. ಆಮೇಲೆ, "ಯಾವಾಗ ಬಂದಿದ್ರು?"

ಮಾರ್ಚ್ 24, ಸೋಮವಾರ

ಹೆಸರು ಬದಲಿಸುತ್ತಾ ಬದಲಿಸುತ್ತಾ ಅಳುಬುರುಕಿಗೆ ಬಂದೆ. "ಚಿಪ್ಪಿನ-ಗುಂಡಿ-ಹನಿ-ಆಕಾರ" ಅಂತ ಬರೆದು ಇನ್ನೇನು ಎಂಟರ್ ಒತ್ತಬೇಕು —

"ಅದನ್ನ ಬಿಡು."

ಯಾವಾಗ ಬಂದು ಹಿಂದೆ ನಿಂತಿದ್ದರೋ. ಕುರ್ಚಿ ಎಳೆದುಕೊಂಡು ಕೂತರು. ಕೇಳುವುದಕ್ಕೆ ಮೊದಲೇ ಹೇಳಿದರು.

ಇಬ್ಬರು. ದೊಡ್ಡಮ್ಮ, ಅವರ ಗೆಳತಿ. ಸ್ಕೂಲಿನಿಂದ ಒಂದೇ ಬೆಂಚು. ಈ ಅಂಗಡಿ ತೆರೆದದ್ದು ಇಬ್ಬರೂ ಸೇರಿ. ಮೊದಲ ಸಲ ತರಿಸಿದ ಚಿಪ್ಪಿನ ಗುಂಡಿ ಮೂಟೆ ಬಿಚ್ಚಿದರೆ, ಒಂದಕ್ಕೂ ತೂತಿಲ್ಲ. "ಅವಳು ಮೂಟೆ ಮೇಲೇ ಕೂತು ಗೊಳೋ ಅಂತ ಅಳೋಕೆ ಶುರು ಮಾಡಿದ್ಲು. ಅಳು ಏನ್ ಮಾಡುತ್ತೆ, ಗುಂಡೀಗೆ ತೂತು ಕೊರೆಯುತ್ತಾ ಅಂದೆ. ಕೈ ಡ್ರಿಲ್ ತಂದ್ವಿ. ವಾರಗಟ್ಟಲೆ ಕೊರೆದ್ವಿ. ಒಬ್ಬಳು ಹಿಡಿಯೋದು, ಒಬ್ಬಳು ತಿರುಗಿಸೋದು. ಅವಳು ಹಿಡಿದಿದ್ದೆಲ್ಲ ಸೊಟ್ಟ."

"ಗುಂಡಿಗೆ ಅವರ ಹೆಸರಿಟ್ರಾ?"

"ಅವಳಿಗೆ ಗುಂಡಿ ಹೆಸರೋ, ಗುಂಡಿಗೆ ಅವಳ ಹೆಸರೋ, ಈಗ ನೆನಪಿಲ್ಲ. ಉಳಿದ ಹೆಸರೆಲ್ಲ ಅವಳಿಟ್ಟಿದ್ದು. ಇದೊಂದು ನಾನು."

ಆಮೇಲೆ ಜಿಪ್ ಬಂತು. ದರ್ಜಿಗಳೆಲ್ಲ ಕೇಳುತ್ತಿದ್ದಾರೆ, ತರಿಸೋಣ ಅಂದರಂತೆ ಆಕೆ. ಈ ಅಂಗಡಿಗೆ ಜಿಪ್ ಬಂದರೆ ನಾನು ಹೊರಗೆ ಅಂದರಂತೆ ದೊಡ್ಡಮ್ಮ. ಗಿರಾಕಿಗಳ ಎದುರಿಗೇ. ನೀನ್ಯಾಕೆ ಹೋಗ್ತೀಯ ಅಂತ ಆಕೆ ಚೀಲ ತೆಗೆದುಕೊಂಡು ತಾವೇ ಹೊರಟರು.

"ಬಾಗಿಲ ತನಕ ನೋಡ್ತಾನೇ ಇದ್ದೆ. ಈಗ ಅಳ್ತಾಳೆ, ನಾನು ಹೋಗಿ ಕರ್ಕೊಂಡು ಬರ್ತೀನಿ ಅಂತ. ಅಳುಬುರುಕಿ ಅವತ್ತು ಅಳಲೇ ಇಲ್ಲ ನೋಡು. ಅದಕ್ಕೇ ನನ್ನ ಕಾಲು ಏಳಲಿಲ್ಲ."

"ಫೋನು?"

"ಮೊದಲು ಸಿಟ್ಟಿತ್ತು. ಸಿಟ್ಟು ಹೋಗೋ ಹೊತ್ತಿಗೆ ನಂಬರ್ ಇರಲಿಲ್ಲ. ನಂಬರ್ ಇಲ್ಲ ಅನ್ನೋದು ಒಳ್ಳೆ ನೆವ ಕಣೆ, ವರ್ಷಗಟ್ಟಲೆ ಬಾಳಿಕೆ ಬರುತ್ತೆ."

ಮಾರ್ಚ್ 26, ಬುಧವಾರ

ಪೇಚು ಇಷ್ಟು: ಹುಡುಕುವವರು ಯಾರು, ಎಲ್ಲಿಯವರು, ವರದಿ ಹೇಳುವುದಿಲ್ಲ. ಮಾತು ಮಾತ್ರ ಹೇಳುತ್ತದೆ. ನಮ್ಮ ಫೋನ್ ನಂಬರ್ ಪುಟದ ಮೇಲೇ ಇದೆ, ಅವರು ಮಾಡಿಲ್ಲ. ಅಂದರೆ ಅಲ್ಲಿಯೂ ಇಲ್ಲಿನಷ್ಟೇ ಬಿಗುಮಾನ. ಅವರಿಗೆ ನಮ್ಮ ಬಾಗಿಲು ಗೊತ್ತಿರುವುದು ಆ ಒಂದು ಫೈಲಿನ ಹೆಸರಿನಿಂದ. ಅದನ್ನು ಬದಲಿಸಿದರೆ ಬಾಗಿಲು ಹಾಕಿದ ಹಾಗೆ. ಎರಡನೇ ಸಲ.

ಭಾವನಿಗೆ ಹೇಳಿದೆ, ಒಂದು ಹೆಸರು ಹಾಗೇ ಇರಲಿ ಅಂತ.

"ಲೋಕದಲ್ಲಿ ಒಬ್ಬರು ಹುಡುಕೋ ಮಾತಿಗೆ ಒಂದು ಫೈಲಾ?"

"ಆ ಒಬ್ಬರು ಹುಡುಕಿದಾಗ ನಾವು ಮೊದಲ ಪುಟ, ಮೊದಲ ಸಾಲು ಭಾವ. ನಿಮ್ಮ ಸರ್ವೀಸಲ್ಲಿ ಇಷ್ಟು ಮೇಲೆ ಯಾರನ್ನಾದ್ರೂ ತಂದಿದೀರಾ?"

ತಲೆ ಕೆರೆದುಕೊಂಡರು. "ನಾದಿನಿ ಬಾಯಿಗೆ ಗುಂಡಿ ಹಾಕೋರು ಇನ್ನೂ ಹುಟ್ಟಿಲ್ಲ," ಅಂದರು. ಅಳುಬುರುಕಿ ಉಳಿಯಿತು.

ಆದರೆ ಒಂದು ವಾರದಿಂದ ಆ ಮಾತು ವರದಿಯಲ್ಲಿ ಬಂದಿಲ್ಲ. ದೊಡ್ಡಮ್ಮ ಕೇಳುವುದಿಲ್ಲ. ಟೀ ತಂದು ಕಂಪ್ಯೂಟರ್ ಪಕ್ಕ ಇಡುತ್ತಾರೆ, ಇಟ್ಟ ಮೇಲೂ ನಿಂತಿರುತ್ತಾರೆ. ನಾನು ತಲೆಯಾಡಿಸಿದರೆ, ಸಕ್ಕರೆ ಸರಿ ಇದೆಯಾ ಅಂತ ಕೇಳಲು ನಿಂತವರ ಹಾಗೆ ಹೋಗುತ್ತಾರೆ.

ಮಾರ್ಚ್ 28, ಶುಕ್ರವಾರ

ಮಧ್ಯಾಹ್ನ ದೊಡ್ಡಮ್ಮ ಹೇಳದೆ ಕೇಳದೆ ಹೊರಗೆ ಹೋದರು. ಬಂದವರೇ ಕೌಂಟರಿನ ಮೇಲೆ ಕಾಗದದ ಪೊಟ್ಟಣ ಎಸೆದರು, ಸತ್ತ ಹಲ್ಲಿಯನ್ನು ಬಾಲ ಹಿಡಿದು ತಂದವರ ಹಾಗೆ. ಒಳಗೆ ಒಂದು ಜಿಪ್. ನೀಲಿ.

"ಫೋಟೊ ತೆಗಿ."

ತೆಗೆದೆ. ಅವರೇ ಪಕ್ಕದಲ್ಲಿ ಒಂದು ಅಳುಬುರುಕಿ ಇಟ್ಟರು. ಮತ್ತೆ ತೆಗೆದೆ.

"ಬೆಲೆ ಎಷ್ಟು ಹಾಕ್ಲಿ?"

"ಮಾರೋಕಲ್ಲ."

"ಹೆಸರು?"

ಜಿಪ್ ಕೈಯಲ್ಲಿ ಹಿಡಿದು ಎಳೆದರು, ಮುಚ್ಚಿದರು. "ಸದ್ದು ಕೆಟ್ಟದಾಗೇನಿಲ್ಲ," ಅಂದರು. ಆಮೇಲೆ ಒಂದೊಂದೇ ಮಾತು ಬಿಡಿಸಿ ಹೇಳಿದರು. ನಾನು ಅಡ್ಡಗೆರೆ ಹಾಕುತ್ತಾ ಹೋದೆ:

ಜಿಪ್-ಬಂತು-ನಾನೂ-ಇದೀನಿ-ಅಳುಬುರುಕಿ

ಫೈಲಿನ ಹೆಸರು ಹುಡುಕುವ ಯಂತ್ರಕ್ಕೆ ಕಾಣುತ್ತದೆ, ಮನುಷ್ಯರಿಗೆ ಕಾಣುವುದು ಕಡಿಮೆ. ಅದಕ್ಕೆ ಚಿತ್ರದ ಕೆಳಗೂ ಅದನ್ನೇ ಬರೆದೆ. ಅಡ್ಡಗೆರೆ ತೆಗೆದು.

ಏಪ್ರಿಲ್ 3, ಗುರುವಾರ

ಬಂದಿದ್ದಾರೆ! ನೆನ್ನೆ. "ಅಳುಬುರುಕಿ ಗುಂಡಿ" ಹುಡುಕಿ ಬಂದು, ನಮ್ಮ ಹುಡುಕುವ ಪಟ್ಟಿಯಲ್ಲಿ "ಜಿಪ್" ಅಂತ ಬರೆದಿದ್ದಾರೆ. ಈ ಸಲ ಸಿಕ್ಕಿದೆ. ಆ ಪುಟ ಬಹಳ ಹೊತ್ತು ತೆರೆದೇ ಇತ್ತು. ಆಮೇಲೆ ಅದೇ ಪಟ್ಟಿಯಲ್ಲಿ ಇನ್ನೊಂದು ಹುಡುಕಾಟ:

"ಭಾನುವಾರ ಅಂಗಡಿ ತೆಗೆದಿರುತ್ತಾ"

ಓಡಿ ಹೋಗಿ ದೊಡ್ಡಮ್ಮನನ್ನು ಕರೆದೆ. ಓದಿದರು. ಮತ್ತೆ ಓದಿದರು. "ಅದಕ್ಕೆ ಏನು ಉತ್ತರ ಹೋಯ್ತು?"

ಸಿಗದ ವಸ್ತು ಕೇಳಿದವರಿಗೆಲ್ಲ ನಮ್ಮ ಪುಟ ಒಂದೇ ಉತ್ತರ ಕೊಡುತ್ತದೆ: ಕ್ಷಮಿಸಿ, ನೀವು ಕೇಳಿದ್ದು ನಮ್ಮಲ್ಲಿಲ್ಲ.

"ಇಲ್ಲ ಅಂದುಬಿಡ್ತಾ ಅದು?" ದೊಡ್ಡಮ್ಮ ಕುರ್ಚಿ ಹಿಡಿದುಕೊಂಡರು. "ಯಾರನ್ನ ಕೇಳಿ ಅಂತು?"

ಭಾವನಿಗೆ ಫೋನ್. ಮೊದಲ ಸಲ ತಮಾಷೆಯಿಲ್ಲದೆ ಮಾತಾಡಿದರು. "ಶಟರ್ ಎತ್ತಿ ಫೋಟೊ ತೆಗಿ. ಅವರು ಏನ್ ಟೈಪ್ ಮಾಡಿದಾರೋ ಅದೇ ಮಾತಲ್ಲಿ ಹೆಸರಿಡು. ಮುಖಪುಟದಲ್ಲಿ ಎಲ್ಲಕ್ಕಿಂತ ಮೇಲೆ ನಾನು ಹಾಕ್ತೀನಿ."

ದೊಡ್ಡಮ್ಮ ಬಾಗಿಲಲ್ಲಿ ನಿಂತರು, ಫೋಟೊದೊಳಗೆ. ಬೇಡ ಅನ್ನಲಿಲ್ಲ ನಾನು. ಹೆಸರು: ಭಾನುವಾರ-ಅಂಗಡಿ-ತೆಗೆದಿರುತ್ತೆ.

ಭಾನುವಾರ ನಾವು ಎಂದೂ ತೆಗೆದವರಲ್ಲ.

ಏಪ್ರಿಲ್ 5, ಶನಿವಾರ

ವರದಿಯಲ್ಲಿ ಏನೂ ಇಲ್ಲ. ನೋಡಿದರೋ, ಇಲ್ಲ ಅಂದಾಗಲೇ ಮುಚ್ಚಿ ಹೋದರೋ. ದೊಡ್ಡಮ್ಮ ಎಲ್ಲ ಡ್ರಾಯರ್ ಒರೆಸಿದರು. ಒರೆಸಿದ್ದನ್ನೇ ಮತ್ತೆ ಒರೆಸಿದರು.

ಏಪ್ರಿಲ್ 6, ಭಾನುವಾರ, ಬೆಳಿಗ್ಗೆ

ಬೀದಿಯಲ್ಲಿ ನಮ್ಮದೊಂದೇ ಶಟರ್ ಮೇಲಿದೆ, ಅದೂ ಅರ್ಧ. ಪೂರ್ತಿ ಎತ್ತಲೇ ಅಂದರೆ ಬೇಡ ಅಂದರು. "ಕಾಯ್ತಾ ಇದೀವಿ ಅಂತ ಅನ್ನಿಸಬಾರದು." ಇಸ್ತ್ರಿ ಮಾಡಿದ ಬಟ್ಟೆ ಉಟ್ಟು, ಬೆಳಕಾಗುವ ಮೊದಲೇ ಬಂದು ಕೂತವರ ಮಾತು ಇದು. ಕೌಂಟರಿನ ಮೇಲೆ ಒಂದು ಹಿಡಿ ಅಳುಬುರುಕಿ ಸುರಿದುಕೊಂಡು ಆರಿಸುತ್ತಿದ್ದಾರೆ, ನೆಟ್ಟಗಿರುವುದು ಒಂದು ಕಡೆ, ಸೊಟ್ಟಗಿರುವುದು ಇನ್ನೊಂದು ಕಡೆ. ಸೊಟ್ಟದರ ರಾಶಿ ದೊಡ್ಡದು.

ಕೇಳಿದೆ, "ಬಂದರೆ ಮೊದಲು ಏನಂತೀರ?"

"ಜಿಪ್ ಎಷ್ಟು ಬೇಕು ಅಂತೀನಿ."

ಹೊರಗೆ ಟ್ಯಾಕ್ಸಿ ನಿಂತ ಸದ್ದು. ಬಾಗಿಲು ಹಾಕಿದ ಸದ್ದು. ಶಟರಿನ ಕೆಳಗೆ ಎರಡು ಕಾಲು ಬಂದು ನಿಂತವು, ಚಪ್ಪಲಿ ಹೊಸದು. ಬಗ್ಗುತ್ತಿಲ್ಲ, ಹೋಗುತ್ತಲೂ ಇಲ್ಲ. ಯಾರೋ ಮೂಗು ಎಳೆದುಕೊಳ್ಳುವುದು ಕೇಳಿಸುತ್ತಿದೆ. ದೊಡ್ಡಮ್ಮನ ಕೈಯಿಂದ ಗುಂಡಿಗಳು ನೆಲಕ್ಕೆ — "ಅಳ್ತಿದಾಳೆ," ಅಂದರು, "ಅಳ್ತಿದಾಳೆ ಕಣೆ," ಅಂತ ನಗುತ್ತಾ ಎದ್ದೇಬಿಟ್ಟರು, ಆ ಭಾರದ ಶಟರನ್ನು ಒಬ್ಬರೇ ಎತ್ತಲು ಹೋಗುತ್ತಿದ್ದಾರೆ, ನಾನು ಹೋಗಿ ಕೈ ಜೋಡಿಸಬೇಕು, ಉಳಿದದ್ದು ಆಮೇಲೆ.